ಬಣ್ಣ ಬದಲಿಸಿದ ಅನಾಮಿಕ

ಡೆಲ್ಫಾ ಸ್ಟಿಡಮ್ ಯಾರನ್ನೂ ನಂಬುವುದಿಲ್ಲ ಎಂದು ಸ್ಪೈಸ್ ಹಳ್ಳದ ಜನ ಹೇಳಿದರೆ ಅದು ಅರ್ಧ ಮಾತು. ತನ್ನ ಕೋಳಿಗಳನ್ನು ಅವಳು ನಂಬುತ್ತಿದ್ದಳು. ಅಜ್ಜಿಯಿಂದ ಬಂದ ಎರಕದ ಬಾಣಲೆಯನ್ನು ನಂಬುತ್ತಿದ್ದಳು. ಲಾರಿ ಓಡಿಸುವ ಗಂಡ ಆರ್ಲಿಸ್‌ನನ್ನು, ಅವನು ಮನೆಯಲ್ಲಿ ಕಣ್ಣೆದುರು ಕೂತಿದ್ದಷ್ಟು ಹೊತ್ತು, ನಂಬುತ್ತಿದ್ದಳು. ಉಳಿದವರೆಲ್ಲ ಇನ್ನೂ ಪರೀಕ್ಷೆಯಲ್ಲಿದ್ದರು. ಅಂಗಡಿಯಲ್ಲಿ ಆಲೂಗಡ್ಡೆ ಚೀಲದ ತಳದವರೆಗೆ ಕೈ ಇಳಿಸಿ, ಕೊಳೆತದ್ದನ್ನು ಅಡಗಿಸಿಟ್ಟಿದ್ದಾರೋ ಎಂದು ತಡಕುವವಳು ಅವಳು. ಚರ್ಚಿನಲ್ಲಿ ಪ್ರಾರ್ಥನೆಗೆ ಎಲ್ಲರೂ ಕಣ್ಣು ಮುಚ್ಚಿದಾಗ, ಯಾರು ಮುಚ್ಚಿಲ್ಲ ಎಂದು ನೋಡಲು ತಾನೊಂದು ಕಣ್ಣು ತೆರೆದಿಟ್ಟುಕೊಳ್ಳುವವಳು.

ಇಂಥ ಡೆಲ್ಫಾ ನಲವತ್ತಾರರ ಪ್ರಾಯದಲ್ಲಿ ಬಯಾಲಜಿ ಓದಲು ಹೊರಟಳು.

ಹೊರಟದ್ದು ಸುಮ್ಮನೆ ಅಲ್ಲ. ವೃದ್ಧರ ಆರೈಕೆಮನೆಯಲ್ಲಿ ಅವಳದು ಆಯಾ ಕೆಲಸ. ಮೈ ಬಿಟ್ಟ ಮುದುಕರನ್ನು ಹಾಸಿಗೆಯಿಂದ ಕುರ್ಚಿಗೆ, ಕುರ್ಚಿಯಿಂದ ಹಾಸಿಗೆಗೆ ಎತ್ತಿ ಎತ್ತಿ ಸೊಂಟ ಬಿದ್ದುಹೋಗಿತ್ತು. ಇನ್ನೆರಡು ಚಳಿಗಾಲ ಹೀಗೇ ಎತ್ತಿದರೆ ನಿನ್ನನ್ನೇ ಯಾರಾದರೂ ಎತ್ತಬೇಕಾಗುತ್ತದೆ ಎಂದು ಡಾಕ್ಟರು ಹೇಳಿದ್ದರು. ನರ್ಸಾದರೆ ಎತ್ತುವುದು ಕಡಿಮೆ, ಔಷಧಿ ಕೊಡುವುದು ಹೆಚ್ಚು. ನರ್ಸಾಗಬೇಕಾದರೆ ಗುಡ್ಡದ ಮೇಲಿನ ಕಮ್ಯುನಿಟಿ ಕಾಲೇಜಿನಲ್ಲಿ ನರ್ಸಿಂಗ್ ಸೀಟು ಸಿಗಬೇಕು. ಸೀಟು ಬೇಕಾದರೆ ಮೊದಲು ಬಯಾಲಜಿ. ಅದರಲ್ಲಿ ಬಿ ದರ್ಜೆಗಿಂತ ಕೆಳಗೆ ಜಾರಿದವರ ಅರ್ಜಿಯನ್ನು ಆ ಕಚೇರಿಯಲ್ಲಿ ತೆರೆದೂ ನೋಡುವುದಿಲ್ಲ. ಸೀಟು ಬೆರಳೆಣಿಕೆಯಷ್ಟು, ಆಸೆಪಟ್ಟವರು ತರಗತಿಯ ತುಂಬ.

ಗುಡ್ಡದ ತಲೆಯನ್ನು ಕಲ್ಲಿದ್ದಲಿಗಾಗಿ ಕೆರೆದು, ಕಲ್ಲಿದ್ದಲು ಮುಗಿದ ಮೇಲೆ ಆ ಬೋಳು ಮಟ್ಟದ ಮೇಲೆ ಕಾಲೇಜು ಕಟ್ಟಿದ್ದರು. ಡೆಲ್ಫಾಳ ಅಪ್ಪ ಹೋಬರ್ಟ್ ಜಗಲಿಯಲ್ಲಿ ಕೂತು ಅದರ ದೀಪಗಳನ್ನು ನೋಡಿ ಹೇಳುತ್ತಿದ್ದ: "ಮೊದ್ಲು ಗುಡ್ಡದ ತಲೆ ತೆಗೆದ್ರು. ಈಗ ನನ್ನ ಮಗಳ ತಲೆ ತಗೀತಾರೆ."

"ತಗೊಂಡೇನು ಮಾಡ್ತಾರೆ ಡ್ಯಾಡಿ, ಒಳಗೇನೈತೆ?" ಎನ್ನುತ್ತಿದ್ದಳು ಡೆಲ್ಫಾ.

"ಅದೂ ದಿಟವೇ," ಎನ್ನುತ್ತಿದ್ದ ಅಪ್ಪ.

ಲ್ಯಾಬಿನ ಮೊದಲ ದಿನವೇ ಅವಳ ಗ್ರಹಚಾರ ಕೆಟ್ಟಿತು. ಮೇಜಿಗಿಬ್ಬರು ಕೂರಬೇಕು. ಅವಳ ಮೇಜಿನ ಆ ಕಡೆ ಕೂತವನು ಡೆಂಟನ್ ನೀಸ್. ಗಣಿಯೊಳಗೆ ಸೂರು ಕುಸಿಯದಂತೆ ಬೋಲ್ಟು ಹೊಡೆಯುತ್ತಿದ್ದವನು. ಗಣಿ ಮುಚ್ಚಿದ ಮೇಲೆ ಅವನೂ ನರ್ಸಿಂಗ್ ಸೀಟಿನ ಆಸೆ ಹಿಡಿದು ಬಂದಿದ್ದ. ಐವತ್ತರ ಆಳು, ಬಾಗಿಲು ತುಂಬುವ ಹೆಗಲು, ಮೊಣಕಾಲು ಮಾತ್ರ ಹಳೆಯ ಬಾಗಿಲಿನ ಹಾಗೆ ಕಿರುಗುಟ್ಟುತ್ತಿತ್ತು.

"ನೀನು ಹೋಬರ್ಟ್ ಮಗಳಲ್ವಾ?" ಎಂದ ಅವನು.

"ನೀನು ಓರ್ವಿಲ್ ಮಗ," ಎಂದಳು ಅವಳು. ಪರಿಚಯ ಅಷ್ಟಕ್ಕೇ ಮುಗಿಯಿತು.

ಹೋಬರ್ಟ್ ಮನೆಯವರು ನೀಸ್ ಮನೆಯವರನ್ನು ನಂಬದಿರಲು ಒಂದು ಕಾರಣವಿತ್ತು. ಬೀಚ್ ಮರಗಳ ನೆರಳಿನಲ್ಲಿ, ಬಿಸಿಲು ಕಾಣದ ಇಳಿಜಾರಿನಲ್ಲಿ ಹೋಬರ್ಟ್‌ನಿಗೆ ಒಂದು ಸ್ಯಾಂಗ್ ಮಡಿ ಇತ್ತು. ಸ್ಯಾಂಗ್ ಎಂದರೆ ಜಿನ್ಸೆಂಗ್, ಕಾಡಿನ ಔಷಧಿ ಬೇರು. ನೆಲದಲ್ಲಿ ಕೂತಷ್ಟೂ ವರ್ಷ ಅದರ ಬಲ ಏರುತ್ತದೆ, ಬೆಲೆಯೂ ಏರುತ್ತದೆ. ಅದರ ಜಾಗವನ್ನು ಸ್ಪೈಸ್ ಹಳ್ಳದಲ್ಲಿ ಯಾರೂ ಯಾರಿಗೂ ತೋರಿಸುವುದಿಲ್ಲ. ಹೋಗುವ ದಾರಿಯಲ್ಲಿ ವಾಪಸು ಬರುವುದಿಲ್ಲ. ಕೆಂಪು ಹಣ್ಣು ಕಂಡೀತು ಎಂದು ಗಿಡದ ತಲೆಯನ್ನೇ ಚಿವುಟಿ ಬರುತ್ತಾರೆ. ಇಷ್ಟೆಲ್ಲ ಮಾಡಿದರೂ ಒಂದು ಶರತ್ಕಾಲದಲ್ಲಿ ಹೋಬರ್ಟ್ ಹೋಗಿ ನೋಡಿದರೆ ಮಡಿಯ ತುಂಬ ಗುಂಡಿಗಳು. ಆ ತಿಂಗಳು ಓರ್ವಿಲ್ ನೀಸ್ ಹೊಸ ಬೂಟು ಹಾಕಿಕೊಂಡು ಚರ್ಚಿಗೆ ಬಂದಿದ್ದ. ಸಾಕ್ಷಿ ಇಷ್ಟೇ. ಆದರೆ ಹೋಬರ್ಟ್ ಮನೆಯಲ್ಲಿ ಅದಕ್ಕಿಂತ ದೊಡ್ಡ ಸಾಕ್ಷಿಯನ್ನು ಯಾರೂ ಕೇಳಲಿಲ್ಲ. "ನೀಸ್ ಮನೆಯವ್ರ ಬಾವಿ ನೀರನ್ನೂ ಸೋಸಿ ಕುಡೀಬೇಕು" ಎಂಬ ಮಾತು ಆ ಮನೆಯಲ್ಲಿ ಗಾದೆಯಾಗಿ ಉಳಿಯಿತು.

ಪಾಠ ಹೇಳುವವರು ಮಿಸ್ ಟ್ಯಾಕೆಟ್. ಕಡ್ಡಿಯಂಥ ಹೆಂಗಸು, ಕಡ್ಡಿ ಮುರಿದಂಥ ಮಾತು. ಒಂದು ಮಂಗಳವಾರ ಆಕೆ ಪ್ರತಿಯೊಬ್ಬರ ಕೈಗೂ ಒಂದೊಂದು ಗಾಜಿನ ಟ್ಯೂಬು ಕೊಟ್ಟರು. ಒಳಗೆ ಮಂದವಾದ ಸಾರಿನಂಥ ದ್ರವ.

"ಇದರಲ್ಲಿ ಒಂದು ಸೂಕ್ಷ್ಮಜೀವಿ ಇದೆ. ಹೆಸರು ನನಗೆ ಗೊತ್ತು, ನಿಮಗೆ ಗೊತ್ತಿಲ್ಲ. ಇದು ನಿಮ್ಮ ಅನಾಮಿಕ. ಬಣ್ಣ ಹಾಕಿ ನೋಡಿ, ಏನು ತಿನ್ನುತ್ತೆ ಏನು ಬಿಡುತ್ತೆ ಪರೀಕ್ಷೆ ಮಾಡಿ, ಕೊನೆಗೆ ಹೆಸರು ಹೇಳ್ಬೇಕು. ನಿಮ್ಮ ದರ್ಜೆಯ ದೊಡ್ಡ ಪಾಲು ಇದರದ್ದೇ."

"ಹೆಸರು ತಪ್ಪಿದ್ರೆ ಮ್ಯಾಮ್?" ಎಂದು ಯಾರೋ ಕೇಳಿದರು.

"ಮುಂದಿನ ವರ್ಷ ಮತ್ತೆ ಭೇಟಿ ಮಾಡೋಣ. ಇನ್ನೊಂದು ಮಾತು. ಇದು ಜೀವ. ಪ್ರತಿ ವಾರ ಒಂದು ಚೂರು ತೆಗೆದು ಹೊಸ ಟ್ಯೂಬಿನ ಹೊಸ ಊಟಕ್ಕೆ ಹಾಕಿ, ಬೆಚ್ಚಗಿನ ಕಪಾಟಿನಲ್ಲಿಡಿ. ಮರಿ ಮಾಡ್ತಾ ಇರಿ. ಮರೀಬೇಡಿ."

ಅಂದು ಡೆಲ್ಫಾ ತನ್ನ ಅನಾಮಿಕಕ್ಕೆ ಮೊದಲ ಸಲ ಬಣ್ಣ ಹಾಕಿದಳು. ಗಾಜಿನ ಪಟ್ಟಿಯ ಮೇಲೆ ಒಂದು ಹನಿ, ಬೆಂಕಿಯ ಮೇಲೆ ಒಂದು ಸುತ್ತು, ನೇರಳೆ ಬಣ್ಣ, ಅಯೋಡಿನ್, ತೊಳೆತ, ಕೊನೆಗೆ ಕೆಂಬಣ್ಣ. ಮೈಚರ್ಮ ದಪ್ಪವಿರುವ ಜೀವಿ ಮೊದಲ ನೇರಳೆಯನ್ನೇ ಹಿಡಿದುಕೊಳ್ಳುತ್ತದೆ. ತೆಳುವಿದ್ದದ್ದು ಅದನ್ನು ಬಿಟ್ಟುಕೊಟ್ಟು ಗುಲಾಬಿಯಾಗುತ್ತದೆ. ಮುಂದಿನ ಪರೀಕ್ಷೆಗಳೆಲ್ಲ ಕವಲೊಡೆಯುವುದು ಇಲ್ಲಿಂದಲೇ. ಸೂಕ್ಷ್ಮದರ್ಶಕದಲ್ಲಿ ಕಣ್ಣಿಟ್ಟರೆ ಪುಟ್ಟ ಪುಟ್ಟ ಕಡ್ಡಿಗಳು, ಮಾಗಿದ ದ್ರಾಕ್ಷಿಯ ನೇರಳೆ. ಡೆಲ್ಫಾಗೆ ಮೈ ಜುಮ್ಮೆಂದಿತು. ಮೊದಲ ಮಗುವಿನ ಮುಖ ನೋಡಿದಾಗಲೂ ಇಷ್ಟು ಹೊತ್ತು ನೋಡಿರಲಿಲ್ಲ.

ತಲೆ ಎತ್ತಿದಾಗ ಡೆಂಟನ್ ಅವಳತ್ತ ಬಗ್ಗಿದ್ದ.

"ನಿನ್ದು ಏನ್ ಬಣ್ಣ?"

"ನಿನ್ದು ನೀನು ನೋಡ್ಕೋ," ಎಂದಳು ಡೆಲ್ಫಾ.

ಸಂಜೆ ಜಗಲಿಯಲ್ಲಿ ಬೀನ್ಸ್ ಸಾರಿಗೆ ಜೋಳದ ರೊಟ್ಟಿ ಮುರಿದು ಹಾಕಿಕೊಳ್ಳುತ್ತ ಅಪ್ಪನಿಗೆ ಎಲ್ಲ ಹೇಳಿದಳು. ಹೋಬರ್ಟ್ ಚಮಚ ಕೆಳಗಿಟ್ಟ.

"ಬೆಚ್ಚಗಿನ ಕಪಾಟು ಅಂದ್ಯಲ್ಲ, ಅದಕ್ಕೆ ಬೀಗ ಐತಾ?"

"ಇಲ್ಲ. ಎಲ್ರದ್ದೂ ಒಂದೇ ಕಡೆ."

"ನೀಸ್ ಮಗಂದೂ?"

"ಅವಂದೂ."

"ಹಂಗಾದ್ರೆ ಮರಿ ಗಿರಿ ಮಾಡಿ ಅಲ್ಲಿಡ್ಬೇಡ. ಹತ್ತು ಕಡೆ ಇಟ್ರೆ ಹತ್ತು ಕಳ್ರು. ಒಂದೇ ಕಡೆ ಬಚ್ಚಿಡು. ಮೇಲಿನ ಗುರುತು ಚಿವುಟಿ ಹಾಕು. ಕೂರ್ಲಿ ಬಿಡು, ಕೂತಷ್ಟೂ ಬಲ."

ಸ್ಪೈಸ್ ಹಳ್ಳದಲ್ಲಿ ಇದಕ್ಕಿಂತ ಒಳ್ಳೆಯ ಬುದ್ಧಿಮಾತು ಇರಲಿಲ್ಲ. ಡೆಲ್ಫಾ ಹಾಗೇ ಮಾಡಿದಳು. ಟ್ಯೂಬಿನ ಮೇಲಿನ ತನ್ನ ಹೆಸರನ್ನು ಉಗುರಿನಿಂದ ಕೆರೆದು ತೆಗೆದಳು. ಕಳೆದ ವರ್ಷದ ಯಾವುದೋ ತರಗತಿಯದು ಎನ್ನುವಂತೆ ಒಂದು ಹಳೆಯ ಚೀಟಿ ಅಂಟಿಸಿದಳು. ಲ್ಯಾಬಿನ ಫ್ರಿಜ್ಜಿನ ಕಟ್ಟಕಡೆಯ ಮೂಲೆಯಲ್ಲಿ, ಯಾರಿಗೂ ಬೇಡವಾದ ಬಾಟಲಿಗಳ ಹಿಂದೆ ಅದನ್ನು ನಿಲ್ಲಿಸಿದಳು. ವಾರವಾರ ಮಿಸ್ ಟ್ಯಾಕೆಟ್ "ಹೊಸ ಊಟಕ್ಕೆ ಹಾಕಿದಿರಾ?" ಎಂದು ಕೇಳಿದಾಗ ಎಲ್ಲರ ಜೊತೆ ತಾನೂ "ಹೂಂ ಮ್ಯಾಮ್" ಎಂದಳು. ಬಾಯಲ್ಲಿ ಹೂಂ ಎನ್ನುವುದಕ್ಕೆ ಬೀಗ ಬೇಕಿಲ್ಲವಲ್ಲ.

ಆದರೆ ಅನುಮಾನ ಎಂಬುದು ಬೆಕ್ಕಿನ ಮರಿ ಇದ್ದ ಹಾಗೆ, ಒಮ್ಮೆ ಹಾಲು ಹಾಕಿದರೆ ದಿನವೂ ಬಾಗಿಲಿಗೆ ಬರುತ್ತದೆ. ಡೆಂಟನ್ ಮಾಡುವುದೆಲ್ಲ ಡೆಲ್ಫಾಳ ಕಣ್ಣಿಗೆ ಬೀಳತೊಡಗಿತು. ಬಣ್ಣ ಹಾಕಿದ ಗಾಜನ್ನು ಅವನು ಕಿಟಕಿಯ ಬಳಿ ಒಯ್ದು ಬೆಳಕಿಗೆ ಹಿಡಿದು ಆ ಕಡೆ ಈ ಕಡೆ ತಿರುಗಿಸುತ್ತಿದ್ದ. ಯಾರಾದರೂ ಬಂದರೆ ಜೇಬಿಗೆ ಸೇರಿಸುತ್ತಿದ್ದ. ಪಕ್ಕದ ಮೇಜಿನ ಹುಡುಗಿಯರ ಹತ್ತಿರ ಹೋಗಿ, "ಏನಮ್ಮಾ, ಇವತ್ತು ನಿಮ್ಮದೆಲ್ಲ ಯಾವ ಬಣ್ಣದ ಸಂತೆ?" ಎಂದು ತಮಾಷೆ ಮಾಡಿ ಉತ್ತರ ಕದಿಯುತ್ತಿದ್ದ. ಒಂದು ದಿನ ಡೆಲ್ಫಾ ತನ್ನ ಮೊದಲ ದಿನದ ಗಾಜನ್ನು ಮತ್ತೊಮ್ಮೆ ನೋಡಿ, ಕೈ ತೊಳೆದು ತಿರುಗುವಷ್ಟರಲ್ಲಿ ಅವನ ದೊಡ್ಡ ತಲೆ ಅವಳ ಸೂಕ್ಷ್ಮದರ್ಶಕದ ಮೇಲಿತ್ತು.

"ಏನ್ ನೋಡ್ತಾ ಇದೀಯ?"

ಅವನು ಬೆಚ್ಚಿದ. "ಏನಿಲ್ಲ. ನಂದೇ ಅನ್ಕೊಂಡೆ."

"ನಿಂದು ಆ ಕಡೆ ಐತೆ. ಗಣಿ ಒಳಗೆ ದಾರಿ ಹೆಂಗೆ ಹುಡುಕ್ತಿದ್ದೆ?"

"ಅಲ್ಲಿ ಇಂಥ ಸಿಡುಕಿ ಪಕ್ಕದಲ್ಲಿ ಇರ್ತಿರ್ಲಿಲ್ಲ," ಎಂದು ಅವನು ನಗಲು ನೋಡಿದ. ಅವಳು ನಗಲಿಲ್ಲ.

ಆಮೇಲೆ ಅವಳು ಫ್ರಿಜ್ಜಿನ ಮೂಲೆಯ ಟ್ಯೂಬಿಗೆ ಒಂದು ಎಳೆ ದಾರ ಕಟ್ಟಿ, ಅದರ ತುದಿಯನ್ನು ಪಕ್ಕದ ಬಾಟಲಿಗೆ ಸುತ್ತಿ ಬಂದಳು. ಮಡಿಗೆ ಹೋಗುವ ದಾರಿಗೆ ಅಪ್ಪ ಅಡ್ಡ ಕಡ್ಡಿ ಇಟ್ಟು ಬರುತ್ತಿದ್ದ ಹಾಗೆ. ಮುಂದಿನ ವಾರ ನೋಡಿದರೆ ದಾರ ಇರಲಿಲ್ಲ.

ಅಂದೇ ಟ್ಯೂಬಿನಿಂದ ಒಂದು ಚೂರು ತೆಗೆದು ಮತ್ತೆ ಬಣ್ಣ ಹಾಕಿದಳು. ಕಣ್ಣಿಟ್ಟು ನೋಡಿದಳು. ಕಡ್ಡಿಗಳೇನೋ ಇದ್ದವು. ಆದರೆ ನೇರಳೆ ಇರಲಿಲ್ಲ. ಎಲ್ಲ ಗುಲಾಬಿ.

ಇನ್ನೊಮ್ಮೆ ಮಾಡಿದಳು. ಗುಲಾಬಿ.

ಡೆಂಟನ್‌ನ ಅನಾಮಿಕವೂ ಗುಲಾಬಿ ಕಡ್ಡಿಯೇ ಎಂದು ಪಕ್ಕದ ಮೇಜಿನ ಹುಡುಗಿಯರು ಹೇಳಿದ್ದನ್ನು ಅವಳು ಕೇಳಿಸಿಕೊಂಡಿದ್ದಳು. ಇನ್ನೇನು ಬೇಕು? ತನ್ನ ಚೆಂದದ ನೇರಳೆಯನ್ನು ಅವನು ಹೊತ್ತುಕೊಂಡು, ಅವನ ಗುಲಾಬಿಯನ್ನು ಇದರಲ್ಲಿ ತುಂಬಿದ್ದಾನೆ. ಬರುವ ಮಂಗಳವಾರ ಹೆಸರು ಬರೆದು ಕೊಡಬೇಕು. ಗುಲಾಬಿ ಎಂದು ನಂಬಿ ಬರೆದರೆ ಹೆಸರು ತಪ್ಪು, ದರ್ಜೆ ಜಾರಿತು, ಸೀಟು ಹೋಯಿತು. ಆಸೆಪಟ್ಟವರ ಸಾಲಿನಲ್ಲಿ ಒಬ್ಬಳು ಕಡಿಮೆ.

"ಮಿಸ್ ಟ್ಯಾಕೆಟ್!" ಅವಳ ದನಿಗೆ ಲ್ಯಾಬಿನ ಎಲ್ಲ ತಲೆಗಳೂ ಎದ್ದವು. "ನನ್ನ ಟ್ಯೂಬು ಬದಲಾಯ್ಸಿದಾರೆ."

"ಯಾರು?"

"ಯಾರು ಅಂತ ಅವರ ಮುಖಾನೇ ಹೇಳ್ತೈತೆ ನೋಡಿ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂಬ ಹಾಗೆ, ಡೆಂಟನ್‌ನ ಮುಖ ಕತ್ತಿನವರೆಗೂ ಕೆಂಪೇರಿತು. ಎದ್ದು ನಿಂತ. "ನಾನು ನಿನ್ನ ಟ್ಯೂಬನ್ನ ಕಣ್ಣಿಂದ್ಲೂ ನೋಡಿಲ್ಲ."

"ಮತ್ತೆ ನನ್ನ ಸೂಕ್ಷ್ಮದರ್ಶಕದಲ್ಲಿ ಏನ್ ಹುಡುಕ್ತಿದ್ದೆ? ಹೇಳು ಇಲ್ಲೇ, ಎಲ್ರ ಮುಂದೆ."

ಅವನು ತನ್ನ ಗಾಜನ್ನು ಜೇಬಿಗೆ ಸೇರಿಸಿದ. ಕೂತುಬಿಟ್ಟ.

"ನಿಮ್ಮಪ್ಪ ಬೇರು ಕಿತ್ತ, ನೀನು ಟ್ಯೂಬು ಕಿತ್ತೆ," ಎಂದಳು ಡೆಲ್ಫಾ.

"ನಮ್ಮಪ್ಪನ ಸುದ್ದಿಗೆ ಬರ್ಬೇಡ!"

"ಇಬ್ಬರೂ ಈ ಕಡೆ ಬನ್ನಿ," ಎಂದು ಮಿಸ್ ಟ್ಯಾಕೆಟ್ ಸಾಮಾನಿನ ಕೋಣೆಗೆ ಕರೆದೊಯ್ದು ಬಾಗಿಲು ಹಾಕಿದರು. "ಮಿಸೆಸ್ ಸ್ಟಿಡಮ್, ನೀವು ದೂರು ಬರೆದುಕೊಟ್ಟರೆ ನಾನು ಮೇಲಕ್ಕೆ ಕಳಿಸಲೇಬೇಕು. ವಿಚಾರಣೆ ಮುಗಿಯೋವರೆಗೆ ಇವರು ಲ್ಯಾಬಿಗೆ ಕಾಲಿಡೋ ಹಾಗಿಲ್ಲ. ಈ ಸಲದ ಸೀಟಂತೂ ಇವರಿಗೆ ಇಲ್ಲ. ಅದು ಗೊತ್ತಿರಲಿ."

"ಗೊತ್ತಾಯ್ತು. ಬರೆದು ಕೊಡ್ತೀನಿ."

"ನಾಳೆ ಬರೀರಿ. ಇವತ್ತು ಒಂದು ಕೆಲಸ ಮಾಡೋಣ. ಆ ಟ್ಯೂಬು ತನ್ನಿ."

ಇಬ್ಬರ ಕಣ್ಣೆದುರೇ ಡೆಲ್ಫಾಳ ಕೈಯಿಂದಲೇ ಆ ಗುಲಾಬಿ ಕೊಟ್ಟ ಟ್ಯೂಬಿನಿಂದ ಒಂದು ಚೂರು ತೆಗೆಸಿ, ಹೊಸ ಟ್ಯೂಬಿನ ಹೊಸ ಊಟಕ್ಕೆ ಹಾಕಿಸಿದರು. ಬಾಯಿಗೆ ಟೇಪು ಸುತ್ತಿದರು. ಟೇಪಿನ ಮೇಲೆ ಮೂವರೂ ಅಡ್ಡ ಸಹಿ ಹಾಕಿದರು, ಚುನಾವಣೆಯ ಪೆಟ್ಟಿಗೆಗೆ ಹಾಕುವ ಹಾಗೆ. ಹಳೆಯ ಟ್ಯೂಬನ್ನು ಮಿಸ್ ಟ್ಯಾಕೆಟ್ ತಮ್ಮ ಬೀಗದ ಡ್ರಾಯರಿಗೆ ಸೇರಿಸಿದರು, ಹೊಸದನ್ನು ಬೆಚ್ಚಗಿನ ಕಪಾಟಿನಲ್ಲಿಟ್ಟು ಅದಕ್ಕೂ ಟೇಪು ಸುತ್ತಿದರು.

"ನಾಳೆ ಇದೇ ಹೊತ್ತಿಗೆ ಬನ್ನಿ, ಇಬ್ಬರೂ."

ಮನೆಯಲ್ಲಿ ಹೋಬರ್ಟ್ ಕತೆಯೆಲ್ಲ ಕೇಳಿ ತಲೆಯಾಡಿಸಿದ. "ಟೇಪು ಬಿಚ್ಚಿ ಮತ್ತೆ ಅಂಟ್ಸೋಕೆ ಎಷ್ಟೊತ್ತು? ಆ ಮೇಡಂ ಊರು ಯಾವ್ದು?"

"ಪಕ್ಕದ ಕೌಂಟಿ."

"ಅವ್ರ ತಾಯಿ ಕಡೆಯೋರು ನೀಸ್ ಇರ್ಬೋದು. ವಿಚಾರ್ಸು."

ಡೆಲ್ಫಾಗೆ ಆ ಯೋಚನೆ ಅದಾಗಲೇ ಬಂದಿತ್ತು.

ಮರುದಿನ ಕೆಲಸದ ಪಾಳಿ ಬದಲಾಯಿಸಿಕೊಂಡು ಓಡಿದಳು. ಟೇಪಿನ ಒಂದೊಂದು ಅಂಚನ್ನೂ ಉಗುರಿನಿಂದ ಸವರಿ ನೋಡಿದಳು. ಸಹಿಗಳು ಇದ್ದಲ್ಲೇ ಇದ್ದವು. ಡೆಂಟನ್ ದೂರ ನಿಂತಿದ್ದ, ಟೋಪಿಯನ್ನು ಕೈಯಲ್ಲಿ ಹಿಂಡುತ್ತ.

"ಒಂದೇ ಗಾಜು ತಗೊಳ್ಳಿ," ಎಂದರು ಮಿಸ್ ಟ್ಯಾಕೆಟ್. "ಎಡಗಡೆ ಹಳೇ ಟ್ಯೂಬಿನ ಹನಿ, ಬಲಗಡೆ ಹೊಸದರದ್ದು. ಒಂದೇ ಬಣ್ಣ, ಒಂದೇ ತೊಳೆತ, ಒಂದೇ ಕೈ. ನಿಮ್ಮದೇ ಕೈ."

ಡೆಲ್ಫಾ ಹಾಗೇ ಮಾಡಿದಳು. ಎಡಗಡೆ ನೋಡಿದಳು: ಗುಲಾಬಿ. ಗಾಜನ್ನು ಬಲಕ್ಕೆ ಜರುಗಿಸಿದಳು. ದ್ರಾಕ್ಷಿಯ ನೇರಳೆ, ಮೊದಲ ದಿನ ಕಂಡ ಅದೇ ನೇರಳೆ. ಮತ್ತೆ ಎಡಕ್ಕೆ, ಮತ್ತೆ ಬಲಕ್ಕೆ.

"ಇದು... ಇದು ಹೆಂಗೆ?"

"ಮೊದಲು ಮಿಸ್ಟರ್ ನೀಸ್ ನೋಡಲಿ," ಎಂದರು ಮಿಸ್ ಟ್ಯಾಕೆಟ್. "ಅವರೂ ಸಾಕ್ಷಿ. ಎಡಗಡೆ ಏನು ಬಣ್ಣ, ಬಲಗಡೆ ಏನು, ಹೇಳಿ."

ಡೆಂಟನ್ ಬಗ್ಗಿದ. ಎಷ್ಟೋ ಹೊತ್ತು ನೋಡಿದ. ಎಡಕ್ಕೆ ಜರುಗಿಸಿದ, ಬಲಕ್ಕೆ ಜರುಗಿಸಿದ.

"ಎರಡೂ ಒಂದೇ ಮ್ಯಾಮ್," ಎಂದ ಕೊನೆಗೆ.

"ಸುಳ್ಳು!" ಎಂದು ಡೆಲ್ಫಾ ಕೂಗಿದಳು. ಕೂಗಿದ ಮರುಕ್ಷಣವೇ ಎಲ್ಲೋ ಲೆಕ್ಕ ತಪ್ಪಿದೆ ಅನ್ನಿಸಿತು. ಎರಡೂ ಒಂದೇ ಎಂದರೆ ಅವಳ ಟ್ಯೂಬಿನಲ್ಲಿ ನೇರಳೆ ಇಲ್ಲವೇ ಇಲ್ಲ ಎಂದಂತೆ. ಬದಲಾಯಿಸಿದ್ದಾರೆ ಎಂದಂತೆ. ತನ್ನ ಕತ್ತಿಗೆ ತಾನೇ ಹಗ್ಗ ಹಾಕಿಕೊಳ್ಳುವ ಸುಳ್ಳನ್ನು ಯಾವ ಕಳ್ಳ ಹೇಳುತ್ತಾನೆ? ಎರಡು ಬೇರೆ ಎಂದಿದ್ದರೆ ಅವನು ಬಚಾವು. ಅಷ್ಟು ತಿಳಿಯದ ಪೆದ್ದನಲ್ಲ ಡೆಂಟನ್. ಅವನು ಕಂಡದ್ದನ್ನೇ ಹೇಳಿದ್ದ.

ಕಿಟಕಿಯ ಬೆಳಕು, ಜೇಬಿಗೆ ಸೇರುತ್ತಿದ್ದ ಗಾಜು, "ಯಾವ ಬಣ್ಣದ ಸಂತೆ" ಎಂಬ ತಮಾಷೆ, ಎಲ್ಲ ಒಟ್ಟಿಗೆ ಅವಳ ತಲೆಯೊಳಗೆ ಬಂದು ಕೂತವು. ತನ್ನ ಮೈಮೇಲಿದ್ದ, ಆಯಾ ಕೆಲಸದ ತಿಳಿಹಸಿರು ಅಂಗಿಯನ್ನು ಹಿಡಿದು ತೋರಿಸಿದಳು.

"ಡೆಂಟನ್, ಇದೇನ್ ಬಣ್ಣ?"

"ನಂಗೊತ್ತಿಲ್ಲ," ಎಂದ ಅವನು. ದನಿ ನೆಲಕ್ಕಿಳಿದಿತ್ತು. "ಗುಲಾಬಿನೋ ಬೂದಿನೋ. ಹುಟ್ಟಿದಾಗ್ನಿಂದ ಹಿಂಗೇ. ಗಣಿ ಒಳಗೆ ಎಲ್ಲ ಕಪ್ಪೇ, ಅಲ್ಲಿ ನನ್ನ ಕಣ್ಣಿಗೆ ಯಾವ ಕೊರತೇನೂ ಇರ್ಲಿಲ್ಲ. ಇಲ್ಲಿ ಬಂದ್ರೆ ಮೊದಲ್ನೇ ಪಾಠಾನೇ ಬಣ್ಣದ್ದು. ಕಣ್ಣು ಸರಿಯಿಲ್ಲ ಅಂತ ಗೊತ್ತಾದ್ರೆ ಯಾರು ಸೀಟು ಕೊಡ್ತಾರೆ? ಅದಕ್ಕೇ ನಿನ್ದು ನೋಡ್ದೆ. ನಿನ್ನ ಗಾಜು ನೇರಳೆ ಕಾಣ್ತದೆ ಅಂತ ಪಕ್ಕದ ಮೇಜಿನ ಹುಡುಗೀರು ಅಂದಿದ್ರು. ನೇರಳೆ ಹೆಂಗಿರ್ತದೆ ಅಂತ ನೋಡಿ, ನಂದರ ಪಕ್ಕ ಇಟ್ಟು ಹೋಲ್ಸಕ್ಕೆ."

ಮಿಸ್ ಟ್ಯಾಕೆಟ್ ಸೂಕ್ಷ್ಮದರ್ಶಕದ ದೀಪ ಆರಿಸಿದರು.

"ಮೊದಲ ವಾರವೇ ನನಗೆ ಹೇಳಿದ್ದರೆ," ಎಂದರು ಮಿಸ್ ಟ್ಯಾಕೆಟ್, "ಬಣ್ಣ ಓದಿ ಹೇಳೋಕೆ ಒಬ್ಬರನ್ನ ಕೊಡಿಸ್ತಿದ್ದೆ. ಅದಕ್ಕಂತಲೇ ಕಾಲೇಜಿನಲ್ಲಿ ಒಂದು ಕಚೇರಿ ಇದೆ, ಸೀಟಿಗೇನೂ ಅಡ್ಡಿಯಿಲ್ಲ. ನಾಳೆ ಬೆಳಗ್ಗೆ ಅಲ್ಲಿಗೆ ಹೋಗಿ." ಆಮೇಲೆ ಡೆಲ್ಫಾಳ ಕಡೆ ತಿರುಗಿದರು. "ಈಗ ನಿಮ್ಮ ಕತೆ. ಹೊಸ ಊಟಕ್ಕೆ ಕೊನೆಯ ಸಲ ಹಾಕಿದ್ದು ಯಾವಾಗ?"

ಡೆಲ್ಫಾ ನೆಲ ನೋಡಿದಳು. "ಹಾಕೇ ಇಲ್ಲ ಮ್ಯಾಮ್."

"ಪ್ರತಿ ವಾರ ಹೂಂ ಅಂದಿರಿ."

"ಅಂದೆ. ಕಪಾಟಿಗೆ ಬೀಗ ಇರ್ಲಿಲ್ಲ. ಬಚ್ಚಿಟ್ಟೆ. ಕೂತಷ್ಟೂ ಗಟ್ಟಿಯಾಗ್ತದೆ ಅನ್ಕೊಂಡೆ, ಸ್ಯಾಂಗ್ ಹಂಗೆ."

ಮಿಸ್ ಟ್ಯಾಕೆಟ್ ಹಣೆ ಹಿಡಿದುಕೊಂಡರು. "ಇದು ಬೇರಲ್ಲ ತಾಯಿ. ಕೂತಷ್ಟೂ ಇದರ ಮೈ ಸವೆಯುತ್ತೆ. ಹಳೇ ಕೊಟ್ಟಿಗೆಯ ಹಲಗೆ ಬಣ್ಣ ಹಿಡಿಯುತ್ತಾ? ಹಾಗೆ. ನೇರಳೆ ಹಿಡಿದುಕೊಳ್ಳೋ ಶಕ್ತಿ ಹೋಗಿ ಗುಲಾಬಿ ತೋರಿಸುತ್ತೆ. ಯಾರೂ ಕದ್ದಿಲ್ಲ. ನೀವೇ ಕಾದು ಕಾದು ಮುದಿ ಮಾಡಿದಿರಿ."

"ದಾರ?" ಎಂದಳು ಡೆಲ್ಫಾ ಸಣ್ಣ ದನಿಯಲ್ಲಿ. "ನಾನೊಂದು ದಾರ ಕಟ್ಟಿದ್ದೆ. ಅದು ಮಾಯವಾಗಿತ್ತು."

"ಅದು ನಿಮ್ಮದಾ? ಐಸು ಕಟ್ಟಿತ್ತು ಅಂತ ಫ್ರಿಜ್ಜು ಒರೆಸಿದೆ. ಯಾರದೋ ಕೂದಲು ಅಂತ ಕಿತ್ತು ಕಸಕ್ಕೆ ಹಾಕಿದೆ."

ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ. ಆದರೆ ತಪ್ಪು ತಿಳಿದರೆ ಸೀಟು ಉಳಿಯುತ್ತದೆಯೇ? ಮಂಗಳವಾರ ಹೆಸರು ಕೊಡಬೇಕು. ಏನು ತಿನ್ನುತ್ತದೆ ಎಂಬ ಪರೀಕ್ಷೆಗಳ ಟ್ಯೂಬುಗಳಿಗೆ ಗುರುವಾರ ಅನಾಮಿಕವನ್ನು ಹಾಕಿಟ್ಟರೆ ಅವು ಬೆಚ್ಚಗಿನ ಕಪಾಟಿನಲ್ಲಿ ಎರಡು ದಿನ ಕೂರಬೇಕು. ಶನಿವಾರ ತೆಗೆದು ಫ್ರಿಜ್ಜಿಗೆ ಹಾಕಲೇಬೇಕು. ಹೆಚ್ಚು ಹೊತ್ತು ಬಿಟ್ಟರೆ ಉತ್ತರವೇ ಕೆಡುತ್ತದೆ. ಶನಿವಾರ ಡೆಲ್ಫಾಗೆ ಆರೈಕೆಮನೆಯಲ್ಲಿ ಇಡೀ ದಿನದ ಪಾಳಿ. ಬದಲಿಗೆ ಬರುವವರಿಲ್ಲ. ಮಿಸ್ ಟ್ಯಾಕೆಟ್ ಊರಲ್ಲಿಲ್ಲ. ಶನಿವಾರ ಪಾಠವಿಲ್ಲದೆ ತೆರೆದಿಡುವ ಲ್ಯಾಬಿಗೆ ಬರುವವನು ಒಬ್ಬನೇ, ಡೆಂಟನ್.

ಗುರುವಾರ ಪರೀಕ್ಷೆಯ ಟ್ಯೂಬುಗಳಿಗೆ ಚೂರು ಚೂರು ಹಾಕಿ ಸಾಲಾಗಿ ನಿಲ್ಲಿಸಿ, ಎಲ್ಲಕ್ಕೂ ದಪ್ಪಕ್ಷರದಲ್ಲಿ ತನ್ನ ಹೆಸರು ಬರೆದು, ಅವಳು ಮೇಜಿನ ಆ ಕಡೆ ನೋಡಿದಳು.

"ಡೆಂಟನ್."

"ಊಂ."

"ಎಲ್ರ ಮುಂದೆ ಅಂದಿದ್ನ ಎಲ್ರ ಮುಂದೇನೇ ವಾಪಸ್ ತಗೋತೀನಿ."

"ತಗೋ."

ಅವಳು ಎದ್ದು ನಿಂತು, ಡೆಂಟನ್ ನೀಸ್ ತನ್ನ ಟ್ಯೂಬು ಮುಟ್ಟಿಲ್ಲ, ತಪ್ಪೆಲ್ಲ ತನ್ನದು ಎಂದು ಇಡೀ ಲ್ಯಾಬಿಗೆ ಹೇಳಿದಳು. ಕೂತಳು. ಕಿವಿ ಉರಿಯುತ್ತಿತ್ತು.

"ಅಪ್ಪನ ವಿಷ್ಯ?" ಎಂದ ಡೆಂಟನ್.

"ಅದು ನಮ್ಮಪ್ಪಂದು. ಅದನ್ನ ನಾನು ವಾಪಸ್ ತಗೊಳ್ಳಕ್ಕಾಗಲ್ಲ."

ಅವನು "ನ್ಯಾಯವೇ," ಎಂದ.

"ಶನಿವಾರ ಇವನ್ನ ಫ್ರಿಜ್ಜಿಗೆ ಹಾಕ್ತೀಯಾ? ಊಟದ ಹೊತ್ತಿಗೆ?"

ಡೆಂಟನ್ ಅವಳನ್ನೂ ಟ್ಯೂಬುಗಳನ್ನೂ ನೋಡಿದ. "ಹಾಕ್ದೆ ಇದ್ರೆ?"

"ನನ್ನ ಸೀಟು ಹೋಗ್ತದೆ."

"ನನಗೆ ಒಳ್ಳೇದೇ."

"ಹೂಂ. ನಿನಗೆ ಒಳ್ಳೇದೇ," ಎಂದಳು ಡೆಲ್ಫಾ.

ಅವನು ತಲೆಯಾಡಿಸಿದ್ದು ಹೂಂ ಎಂದೋ, ಊಹೂಂ ಎಂದೋ ಅವಳಿಗೆ ತಿಳಿಯಲಿಲ್ಲ.

ಶನಿವಾರ ಅವಳ ಪಾಲಿಗೆ ಮುಗಿಯಲೇ ಇಲ್ಲ. ಮುದುಕರಿಗೆ ಗಂಜಿ ಕುಡಿಸುತ್ತ ಗಡಿಯಾರ ನೋಡಿದಳು. ಮರೆತರೆ? ಮರೆತಂತೆ ಮಾಡಿದರೆ? ಮೊಣಕಾಲು ನೋವೆಂದು ಹೋಗದೇ ಇದ್ದರೆ? ಫೋನು ಕೈಗೆತ್ತಿಕೊಂಡಳು, ಇಟ್ಟಳು. ಮಾಡಿದರೆ ನಂಬಿಲ್ಲ ಎಂದು ಅವನಿಗೆ ತಿಳಿಯುತ್ತದೆ. ಅದನ್ನೇ ನೆಪ ಮಾಡಿಕೊಂಡು ಬಿಟ್ಟರೂ ಬಿಟ್ಟಾನು. ಮಾಡದಿದ್ದರೆ ಟ್ಯೂಬುಗಳ ಗತಿ ತಿಳಿಯುವುದಿಲ್ಲ. ಸಂಜೆ ಕಾರು ಹತ್ತಿ ಗುಡ್ಡದ ಬುಡದವರೆಗೆ ಹೋದಳು. ಲ್ಯಾಬು ಮುಚ್ಚಿ ದೀಪ ಆರಿತ್ತು. ಆ ಕತ್ತಲ ಕಿಟಕಿಗಳನ್ನೇ ಒಂದಷ್ಟು ಹೊತ್ತು ನೋಡಿ ವಾಪಸು ಬಂದಳು.

ಸೋಮವಾರ ಬಾಗಿಲು ತೆರೆಯುವ ಮೊದಲೇ ಅಲ್ಲಿದ್ದಳು. ಬೆಚ್ಚಗಿನ ಕಪಾಟು ಖಾಲಿ. ಫ್ರಿಜ್ಜಿನ ನಡುಹಲಗೆಯಲ್ಲಿ, ಎಲ್ಲರ ಕಣ್ಣಿಗೆ ಬೀಳುವ ಕಡೆ, ಅವಳ ಟ್ಯೂಬುಗಳು ಸಾಲಾಗಿ ನಿಂತಿದ್ದವು. ಆದರೂ ಒಂದೊಂದನ್ನೂ ಎತ್ತಿ ಬೆಳಕಿಗೆ ಹಿಡಿದು, ಹೆಸರು ತನ್ನ ಕೈಬರಹವೇ ಎಂದು ಖಾತ್ರಿ ಮಾಡಿಕೊಂಡೇ ಓದಲು ಕೂತಳು. ಒಂದು ಹಳದಿ, ಒಂದು ಕೆಂಪು, ಒಂದು ಇದ್ದ ಹಾಗೇ. ಒಂದು ಕವಲಿನಿಂದ ಇನ್ನೊಂದಕ್ಕೆ ನಡೆಯುತ್ತ ನಡೆಯುತ್ತ ಮಧ್ಯಾಹ್ನದ ಹೊತ್ತಿಗೆ ಹೆಸರು ಸಿಕ್ಕಿತು. ಮಣ್ಣಿನಲ್ಲಿ ಬದುಕುವ ಒಂದು ಸಾಧುಜೀವಿ. ಅವಳ ತರಕಾರಿ ಹಿತ್ತಲಿನಲ್ಲೂ ಕೋಟಿಗಟ್ಟಲೆ ಇರುವಂಥದ್ದು.

ಹೆಸರು ಸರಿಯಿತ್ತು. ವಾರವಾರ ಹೇಳಿದ ಸುಳ್ಳಿಗೆ ಮಿಸ್ ಟ್ಯಾಕೆಟ್ ಅಂಕ ಕತ್ತರಿಸಿದರು, ಚೆನ್ನಾಗಿಯೇ ಕತ್ತರಿಸಿದರು. ಉಳಿದದ್ದು ಬಿ. ಕೂದಲೆಳೆಯ ಬಿ, ಆದರೂ ಬಿ. ನರ್ಸಿಂಗ್ ಕಚೇರಿಯಲ್ಲಿ ಅವಳ ಅರ್ಜಿಯನ್ನು ತೆರೆದು ನೋಡುವಷ್ಟು ಬಿ.

ಅದು ತಿಳಿದ ಗುರುವಾರ, ಅವಳು ಇನ್ನೂ ಮೇಜಿನ ಅಂಚು ಹಿಡಿದುಕೊಂಡೇ ಕೂತಿದ್ದಾಗ, ಡೆಂಟನ್ ಒಂದು ಗಾಜು ತಂದು ಅವಳ ಮುಂದಿಟ್ಟ. ಬಣ್ಣ ಯಾರನ್ನಾದರೂ ಕೇಳಬಹುದು ಎಂದು ಕಚೇರಿಯವರು ಅವನಿಗೆ ಅನುಮತಿ ಕೊಟ್ಟಿದ್ದರು.

"ಇದೇನ್ ಬಣ್ಣ ಡೆಲ್ಫಾ?"

ಅವಳು ಕಣ್ಣಿಟ್ಟು ನೋಡಿದಳು. "ಗುಲಾಬಿ."

ಡೆಂಟನ್ ಅವಳ ಮುಖವನ್ನೇ ನೋಡಿದ. ಗಾಜು ಎತ್ತಿಕೊಂಡು, ಕಿರುಗುಟ್ಟುವ ಕಾಲಿನಲ್ಲಿ ಇಡೀ ಲ್ಯಾಬು ದಾಟಿ ಮಿಸ್ ಟ್ಯಾಕೆಟ್ ಹತ್ತಿರ ಹೋದ. ಅವರು ಬಗ್ಗಿ ನೋಡಿದರು, ಏನೋ ಹೇಳಿದರು. ಅವನು ವಾಪಸು ಬಂದು ಕೂತ.

"ಗುಲಾಬಿನೇ ಅಂತೆ."

"ನಾನೇನಂದೆ?"

"ನೀನೂ ಅದೇ ಅಂದೆ."

"ಮತ್ತೆ?"

"ಮತ್ತೇನಿಲ್ಲ. ಕೇಳ್ಕೊಂಡ್ ಬಂದೆ."

ಡೆಲ್ಫಾಗೆ ಸಿಟ್ಟು ಬರಲಿಲ್ಲ. ಅವನ ಜಾಗದಲ್ಲಿ ಅವಳಿದ್ದಿದ್ದರೆ ಪಕ್ಕದ ಮೇಜಿನ ಹುಡುಗಿಯರನ್ನೂ ಕೇಳಿ ಬರುತ್ತಿದ್ದಳು.